ಹಲ್ಲಿಲ್ಲದ ಗೋಡೆ

ಊರಿನಲ್ಲಿ ಎಲ್ಲರೂ ಅವನನ್ನು ತೂಗುಗುಂಡು ಎಂದೇ ಕರೆಯುತ್ತಿದ್ದರು. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಗಾರೆಯವರು ದಾರಕ್ಕೆ ಕಟ್ಟಿ ಇಳಿಬಿಡುತ್ತಾರಲ್ಲ, ಆ ಹಿತ್ತಾಳೆಯ ಗುಂಡು. ಅದು ಯಾವಾಗಲೂ ಅವನ ಅಂಗಿಯ ಜೇಬಿನಲ್ಲಿ ಇರುತ್ತಿತ್ತು. ಅದರ ಭಾರಕ್ಕೆ ಅವನ ಅಂಗಿಗಳ ಎಡಜೇಬೆಲ್ಲ ಜೋತುಬಿದ್ದಿದ್ದವು. ಆದರೆ ಹೆಸರು ಬಂದದ್ದು ಜೇಬಿನಿಂದಲ್ಲ, ಅವನು ನಿಲ್ಲುವ ರೀತಿಯಿಂದ ಎಂದು ಅವನ ಹೆಂಡತಿ ಹೇಳುತ್ತಿದ್ದಳು.

"ಮೇಲಿಂದ ಯಾರೋ ದಾರ ಕಟ್ಟಿ ಇಳಿಬಿಟ್ಟ ಹಾಗೆ ನಿಂತಿರ್ತಾರೆ. ಗಾಳಿ ಬೀಸಿದ್ರೆ ಒಂಚೂರು ಅಲ್ಲಾಡ್ತಾರೆ. ಮಾತು ಮಾತ್ರ ಬರಲ್ಲ."

ಅವನು ಅದಕ್ಕೂ ಮಾತಾಡುತ್ತಿರಲಿಲ್ಲ. ನಗುತ್ತಿದ್ದ.

ಅವನ ಅಜ್ಜ, ಅಪ್ಪ, ಅವನು, ಮೂರು ತಲೆಮಾರಿನವರೂ ಕೆಲಸ ಮಾಡಿದ್ದು ಹೆಚ್ಚಾಗಿ ಒಂದೇ ಕಟ್ಟಡದಲ್ಲಿ. ಅದು ಸಂತೆಮನೆ. ನದಿಯ ದಂಡೆಯ ಮೇಲೆ ಎತ್ತರಕ್ಕೆ ಕಟ್ಟಿದ, ಉದ್ದನೆಯ, ಹೆಂಚು ಹೊದಿಸಿದ ಇಟ್ಟಿಗೆಯ ಮನೆ. ಊರಿನ ಕಡೆಗೆ ಅದಕ್ಕೆ ಒಂದು ದೊಡ್ಡ ಬಾಗಿಲು. ನದಿಯ ಕಡೆಗೆ ಐದು ಕಮಾನು ಬಾಗಿಲು. ಐದಕ್ಕೂ ಐದು ಹೆಸರು: ಉಪ್ಪಿನ ಬಾಗಿಲು, ತೊಗಲಿನ ಬಾಗಿಲು, ಮಡಕೆ ಬಾಗಿಲು, ಹುಲ್ಲಿನ ಬಾಗಿಲು, ಕೊನೆಯದು ಹಗ್ಗದ ಬಾಗಿಲು. ಯಾವ ಸರಕು ಯಾವ ಬಾಗಿಲಿನಿಂದ ಒಳಗೆ ಬರುತ್ತಿತ್ತೋ ಆ ಹೆಸರು. ಬಾಗಿಲಿನ ಹೊರಗೆ ನೀರಿನವರೆಗೆ ಇಳಿಯುವ ಅಗಲವಾದ ಕಲ್ಲಿನ ಮೆಟ್ಟಿಲು, ದೋಣಿ ಕಟ್ಟಲು ಗೋಡೆಗೆ ಬಿಗಿದ ಕಬ್ಬಿಣದ ಬಳೆಗಳು.

ಬಾಗಿಲು ಎನ್ನುವುದು ಹೆಸರಿಗೆ ಮಾತ್ರ. ಆ ಕಮಾನುಗಳಿಗೆ ಕದವೇ ಇರಲಿಲ್ಲ, ಯಾವ ಕಾಲದಲ್ಲೂ ಇರಲಿಲ್ಲ. ಆಚೆ ದಡ ತಗ್ಗು. ನದಿ ಉಕ್ಕಿದರೆ ಮೊದಲು ಮುಳುಗುವುದು ಅದು. ಆಗ ಆಚೆಯವರು ಮಕ್ಕಳು ಮರಿ, ಆಡು ಕೋಳಿ ಕಟ್ಟಿಕೊಂಡು ದೋಣಿ ಹತ್ತಿ ಬಂದು ಸಂತೆಮನೆಯಲ್ಲಿ ಇರುತ್ತಿದ್ದರು. ನೀರು ಇಳಿದ ಮೇಲೆ ಹೋಗುತ್ತಿದ್ದರು. ಕಟ್ಟಿದವರು ಹಾಗೆಂದೇ ಎತ್ತರಕ್ಕೆ ಕಟ್ಟಿದ್ದರು, ಹಾಗೆಂದೇ ಕದ ಇಟ್ಟಿರಲಿಲ್ಲ.

ಸಂತೆ ಮೊದಲು ಬಂತು, ಗಡಿ ಆಮೇಲೆ ಬಂತು. ಅಜ್ಜನ ಕಾಲದಲ್ಲಿ ಯಾರೋ ಟೋಪಿ ಹಾಕಿಕೊಂಡವರು ಬಂದು, ಇನ್ನು ಮುಂದೆ ನದಿಯ ನಡುವೆ ಒಂದು ಗೆರೆ ಇದೆ, ಆಚೆಯದು ಬೇರೆ ದೇಶ ಎಂದು ಹೇಳಿ ಹೋದರಂತೆ. ನೀರಿನ ಮೇಲೆ ಎಳೆದ ಗೆರೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅಜ್ಜ ನಕ್ಕನಂತೆ. ಆ ನಗು ಒಂದು ತಲೆಮಾರಿನ ಕಾಲ ನಡೆಯಿತು. ಸಂತೆಯ ದಿನ ದೋಣಿಗಳು ಬರುತ್ತಲೇ ಇದ್ದವು, ಹೆಣ್ಣು ಕೊಡುವುದು ತರುವುದು ನಡೆದೇ ಇತ್ತು. ತೂಗುಗುಂಡನ ಅಕ್ಕನನ್ನೂ ಆಚೆ ದಡಕ್ಕೇ ಕೊಟ್ಟಿದ್ದರು, ದೋಣಿ ಮಾಡುವ ಬಡಗಿಗೆ.

ಅಕ್ಕ ಎಂದರೆ ಅವನಿಗೆ ಅಮ್ಮನೇ. ಅವನು ತೊಟ್ಟಿಲಲ್ಲಿ ಇರುವಾಗಲೇ ಅಮ್ಮ ತೀರಿಕೊಂಡಳು. ಇನ್ನೂ ಲಂಗ ಹಾಕಿಕೊಳ್ಳುವ ಹುಡುಗಿ ಅಕ್ಕ, ಅವನನ್ನು ಬೆನ್ನಿಗೆ ಕಟ್ಟಿಕೊಂಡು ಅಪ್ಪನಿಗೆ ಸುಣ್ಣ ಜರಡಿ ಹಿಡಿದು ಕೊಡುತ್ತಿದ್ದಳು. ಅವನು ಬೆಳ್ಳಗಿನ ಸುಣ್ಣದ ಧೂಳಿನಲ್ಲೇ ನಡೆಯಲು ಕಲಿತ. ಅಪ್ಪ ಇಬ್ಬರಿಗೂ ಗೋಡೆ ತಟ್ಟಿ ನೋಡುವುದನ್ನು ಕಲಿಸಿದ. ಎರಡು ಸಲ ಮೆಲ್ಲಗೆ, ಒಂದು ಸಲ ಜೋರಾಗಿ. ಗಟ್ಟಿ ಇದ್ದರೆ ಒಂದು ಸದ್ದು, ಪೊಳ್ಳಿದ್ದರೆ ಇನ್ನೊಂದು ಸದ್ದು.

"ಮೊದಲು ಎರಡು ತಟ್ಟಿ ಎಬ್ಬಿಸ್ಬೇಕು. ಆಮೇಲೆ ಕೇಳ್ಬೇಕು," ಎನ್ನುತ್ತಿದ್ದ ಅಪ್ಪ. "ನಿದ್ದೇಲಿರೋರನ್ನ ಕೇಳಿದ್ರೆ ಏನು ಹೇಳ್ತಾರೆ?"

ಅಕ್ಕ ಮದುವೆಯಾಗಿ ಆಚೆಗೆ ಹೋದ ಮೇಲೂ ಪ್ರತಿ ಸಂತೆಗೆ ಬಂದು ಹಗ್ಗದ ಬಾಗಿಲಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ತಮ್ಮನ ಅಂಗಿಯ ಜೋತುಬಿದ್ದ ಜೇಬಿಗೆ ಅಲ್ಲೇ ಸೂಜಿ ಹಾಕುತ್ತಿದ್ದಳು. ಅವನು ಬರಿಮೈಯಲ್ಲಿ ಪಕ್ಕದಲ್ಲಿ ಕೂತಿರುತ್ತಿದ್ದ. ಹಗ್ಗ ಮಾರುವ ಮುದುಕಿ, ಊರೆಲ್ಲ ಹಗ್ಗದಜ್ಜಿ ಎನ್ನುವವಳು, ಅಂಗಡಿಯಿಂದಲೇ ಕೂಗುತ್ತಿದ್ದಳು:

"ಹೆಂಡತಿ ಇರೋ ಗಂಡಸಿಗೆ ಅಕ್ಕ ಬಂದು ಜೇಬು ಹೊಲಿಯೋದನ್ನ ನಾನು ಇಲ್ಲೇ ನೋಡಿದ್ದು!"

"ಹೆಂಡತಿ ಹೊಲಿದ್ರೆ ಒಳಗೆ ಏನಿದೆ ಅಂತ ನೋಡ್ತಾಳೆ ಅಜ್ಜಿ," ಎನ್ನುತ್ತಿದ್ದಳು ಅಕ್ಕ. "ನಾನು ಹೊಲಿದು ಸುಮ್ನಿರ್ತೀನಿ."

ಬಾಗಿಲುಗಳು ಮುಚ್ಚಿದ್ದು ಒಂದೇ ದಿನದಲ್ಲಿ ಅಲ್ಲ. ಒಂದೇ ದಿನದಲ್ಲಿ ಆಗಿದ್ದರೆ ಊರಿನವರು ಬಾಯಿ ಬಿಡುತ್ತಿದ್ದರೇನೋ. ಮೊದಲು ಉಪ್ಪಿನ ಬಾಗಿಲು. ಆ ಪಕ್ಕದಲ್ಲಿ ಕಾವಲಿನವರ ಠಾಣೆ ಕಟ್ಟುತ್ತಿದ್ದೇವೆ, ಸ್ವಲ್ಪ ದಿನದ ಮಟ್ಟಿಗೆ ಮುಚ್ಚಿ ಎಂದರು. ಅಪ್ಪ ಮುಚ್ಚಿದ. ಕೆಲವು ವರ್ಷ ಕಳೆದ ಮೇಲೆ ತೊಗಲಿನ ಬಾಗಿಲು. ಅದನ್ನೂ ಅಪ್ಪನೇ ಮುಚ್ಚಿದ. ಅಪ್ಪ ಹೋದ ಮೇಲೆ ಮಡಕೆ ಬಾಗಿಲು, ಹುಲ್ಲಿನ ಬಾಗಿಲು. ಅವನ್ನು ತೂಗುಗುಂಡು ಮುಚ್ಚಿದ. ಸ್ವಲ್ಪ ದಿನ ಎಂದವರು ವರ್ಗವಾಗಿ ಹೋದರು. ಮುಚ್ಚಿದ್ದು ಹಾಗೇ ಉಳಿಯಿತು. ಒಳಗೆ ಒಂದೊಂದೇ ಕಡೆ ಕತ್ತಲೆಯಾಗುತ್ತ ಬಂತು. ಮಡಕೆಯವರು ಹಗಲಲ್ಲೇ ದೀಪ ಹಚ್ಚಿಕೊಂಡು ಕೂರುವಂತಾಯಿತು.

ಆದರೆ ಆ ನಾಲ್ಕು ಗೋಡೆಗಳಿಗೂ ಹಲ್ಲಿರಲಿಲ್ಲ.

ಹಳೆಯ ಗೋಡೆಗೆ ಹೊಸ ಗೋಡೆ ಸೇರಿಸುವಾಗ ಹಳೆಯದರ ಅಂಚಿನಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಅರ್ಧ ಇಟ್ಟಿಗೆ ಕಿತ್ತು, ಹೊಸ ಇಟ್ಟಿಗೆಯನ್ನು ಅದರೊಳಗೆ ಕೂರಿಸುತ್ತಾರೆ. ಎರಡೂ ಗೋಡೆ ಹಲ್ಲು ಕಚ್ಚಿ ಹಿಡಿದ ಹಾಗೆ ಆಗುತ್ತದೆ. ಅದಕ್ಕೆ ಹಲ್ಲು ಇಡುವುದು ಎನ್ನುತ್ತಾರೆ. ಆ ಊರಿನ ಗಾರೆಯವರು ಬಾಗಿಲು ಮುಚ್ಚುವಾಗ ಮಾತ್ರ ಹಲ್ಲು ಇಡುತ್ತಿರಲಿಲ್ಲ. ಕಮಾನಿಗೂ ಹೊಸ ಇಟ್ಟಿಗೆಗೂ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟು, ಅದಕ್ಕೆ ನದಿಯ ಒಣ ಮರಳು ತುಂಬಿ, ಮೇಲೆ ತೆಳ್ಳಗೆ ಸುಣ್ಣ ಬಳಿದುಬಿಡುತ್ತಿದ್ದರು. ನೋಡಿದವರಿಗೆ ಗೋಡೆ. ಬುಡದ ಅಂಚಿಗೆ ಸರಿಯಾಗಿ ಏಟು ಕೊಟ್ಟರೆ ಪೂರ್ತಿ ಕಳಚಿ ಬರುವ ಬಿರಡೆ.

"ಮುಚ್ಚಿದ ಬಾಗಿಲು ಅಂದ್ರೆ ಗೋಡೆ ಅಲ್ಲ ಕಣೋ," ಎಂದಿದ್ದ ಅಪ್ಪ, ಉಪ್ಪಿನ ಬಾಗಿಲು ಮುಚ್ಚುವಾಗ. "ಮುಚ್ಚಿದ ಬಾಗಿಲು. ಅಷ್ಟೆ. ನಾಳೆ ತೆಗಿ ಅಂದ್ರೆ ಕಮಾನಿಗೆ ಗಾಯ ಆಗ್ಬಾರ್ದು."

ನಾಳೆ ತೆಗಿ ಎಂದು ಯಾರೂ ಹೇಳಲಿಲ್ಲ.

ಠಾಣೆಗೆ ಹೊಸ ಸಾಹೇಬ ಬಂದದ್ದು ಬೇಸಿಗೆಯಲ್ಲಿ. ಗಟ್ಟಿಯಾಗಿ ಮಾತಾಡುವವನಲ್ಲ, ಬೈಯುವವನೂ ಅಲ್ಲ. ಸಂತೆಮನೆಯೊಳಗೆ ಬಂದು, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಹಗ್ಗದ ಬಾಗಿಲಿನಿಂದ ಬೀಳುವ ಬೆಳಕನ್ನು ಸ್ವಲ್ಪ ಹೊತ್ತು ನೋಡಿದ.

"ಇದೊಂದೇ ಉಳಿದಿರೋದಾ?"

"ಹೌದು," ಎಂದ ತೂಗುಗುಂಡು.

"ಮುಂದಿನ ಸಂತೆ ಆದ ಮೇಲೆ ಇದನ್ನೂ ಮುಚ್ಚಿ."

ಅಷ್ಟೇ. ಮಾರನೆಯ ದಿನ ಡಂಗುರ ಹೊಡೆಸಿದರು. ಇದು ಕೊನೆಯ ಸಂತೆ. ಆಚೆಯವರು ಆಚೆ, ಈಚೆಯವರು ಈಚೆ. ಆಮೇಲೆ ನದಿಯಲ್ಲಿ ದೋಣಿ ಕಂಡರೆ ಗುಂಡು.

ಕೊನೆಯ ಸಂತೆಯ ದಿನ ಅಕ್ಕ ಬಂದಳು. ಭಾವ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಅವಳ ಮನೆ ನದಿಗೆ ತೀರಾ ಹತ್ತಿರ. ಹಿಂದಿನ ಮಳೆಗಾಲದಲ್ಲಿ ನದಿ ಹಿತ್ತಿಲಿಗೆ ಬಂದು ಬಾವಿಯನ್ನೇ ನುಂಗಿಕೊಂಡು ಹೋಗಿತ್ತು. ಅವಳು ಎಂದಿನಂತೆ ಮೆಟ್ಟಿಲ ಮೇಲೆ ಕೂತು, ತಮ್ಮನ ಅಂಗಿಗೆ ಕೈ ಚಾಚಿದಳು. ಅವನು ಅಂಗಿ ಬಿಚ್ಚಿ ಕೊಟ್ಟ.

"ಇಲ್ಲೇ ಇದ್ಬಿಡಕ್ಕ."

"ಚೆನ್ನಾಗಿದೆ ನೀನು ಹೇಳೋದು. ಮಗಳು ದಿನ ತುಂಬಿ ಕೂತಿದ್ದಾಳೆ. ಅವಳ ಹೆರಿಗೆ ಯಾರು ನೋಡ್ತಾರೆ, ನಿಮ್ಮ ಸಾಹೇಬನಾ?"

"ಆಮೇಲೆ ಬರೋಕಾಗಲ್ಲ. ಈ ಸಲ ನೀರು ಬಂದ್ರೆ ನಿನ್ನ ಮನೆ ಉಳಿಯಲ್ಲ."

ಅಕ್ಕ ಹಲ್ಲಿನಿಂದ ದಾರ ಕಡಿದಳು. "ಬಾಗಿಲು ಮುಚ್ಚೋನು ಯಾರು?"

"ನಾನೇ."

"ಮತ್ತೆ? ಮುಚ್ಚೋನು ನೀನಾದ್ರೆ ನನಗೇನು ಭಯ?"

ಅವನು ಸುತ್ತ ನೋಡಿದ. ಕಾವಲಿನವನು ದೂರದಲ್ಲಿ ಬೀಡಿ ಹಚ್ಚುತ್ತಿದ್ದ. ತೂಗುಗುಂಡು ಬದುಕಿನಲ್ಲಿ ಅಷ್ಟು ಉದ್ದದ ಮಾತು ಆಡಿದ್ದು ಅದೇ ಮೊದಲಿರಬೇಕು.

"ನೀರು ಏರಿದ್ರೆ ಕಾಯಬೇಡ. ಮಗಳನ್ನ ಕರ್ಕೊಂಡು ಬಾ. ಈ ಬಾಗಿಲಿಗೇ ಬಾ, ಹಗ್ಗದ ಬಾಗಿಲಿಗೆ. ಹಲ್ಲು ಇಡಲ್ಲ ನಾನು. ಅಪ್ಪ ತಟ್ಟೋ ಹಾಗೆ ತಟ್ಟು. ಆಮೇಲೆ ಈ ಬಳೆ ಕಡೆ ಮೂಲೇಲಿ, ಮೊಣಕಾಲು ಎತ್ತರದಲ್ಲಿ, ಕಲ್ಲಿಂದ ಹೊಡಿ. ನಾನು ಒಳಗಿಂದ ಹೊಡೀತೀನಿ. ಬಿದ್ಹೋಗುತ್ತೆ."

"ಈ ಬಾಗಿಲಿಗೇ," ಎಂದಳು ಅಕ್ಕ.

"ಇದಕ್ಕೇ."

ಅವಳು ಅಂಗಿ ಕೊಡವಿ ಅವನ ಹೆಗಲ ಮೇಲೆ ಹಾಕಿದಳು. "ಈ ಸಲ ಜೋಡಿ ದಾರ ಹಾಕಿದ್ದೀನಿ. ನಾನು ಬರೋ ತನಕ ತಡೆಯುತ್ತೆ."

ಸಂಜೆ ದೋಣಿಗಳು ಹೋದವು. ಹಗ್ಗದಜ್ಜಿ ಬಾಗಿಲಲ್ಲಿ ನಿಂತು ಕೊನೆಯ ದೋಣಿ ಮರೆಯಾಗುವವರೆಗೆ ನೋಡಿದಳು. "ಇನ್ನು ನಾನು ಹಗ್ಗ ಮಾರೋದು ಯಾರಿಗೆ? ನೇಣು ಹಾಕ್ಕೊಳ್ಳೋರಿಗಾ?" ಎಂದಳು.

ತೂಗುಗುಂಡು ಗೋಡೆ ಎಬ್ಬಿಸಿದ. ಹಲ್ಲು ಇಡಲಿಲ್ಲ. ಸಂದಿಗೆ ಮರಳು ತುಂಬಿದ. ಸುಣ್ಣ ಬಳಿಯುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಸಾಹೇಬ ನೋಡಲು ಬಂದ. ಚೆನ್ನಾಗಿದೆ ಎಂದ. ಬಿಸಿಲಿಗೆ ದಣಿದಿದ್ದನೋ ಏನೋ, ಕಮಾನಿನ ಅಂಚಿಗೆ ಬೆನ್ನು ಕೊಟ್ಟು ನಿಂತು ಬೆವರು ಒರೆಸಿಕೊಂಡ.

ಅವನ ಹೆಗಲ ಮೇಲೆ ಮರಳು ಸುರಿಯಿತು. ಸಣ್ಣಗೆ, ಸದ್ದಿಲ್ಲದೆ.

ಸಾಹೇಬ ಹೆಗಲು ನೋಡಿಕೊಂಡ. ಬೆರಳಿನಿಂದ ಮರಳು ಮುಟ್ಟಿ ನೋಡಿದ. ಸೊಂಟದ ಚೂರಿ ತೆಗೆದು ಸಂದಿಯಲ್ಲಿ ಇಟ್ಟ. ಚೂರಿ ಹಿಡಿಯವರೆಗೂ ಹೋಯಿತು.

"ಇದೇನಿದು?"

"ನಮ್ಮ ಕಡೆ ಹೀಗೇ ಸಾಹೇಬ್ರೇ. ಕಮಾನಿಗೆ ಗಾಯ ಆಗ್ಬಾರ್ದು ಅಂತ."

"ಕಮಾನು ಯಾರಿಗೆ ಬೇಕು?" ಎಂದ ಸಾಹೇಬ. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯದೆ ಕೇಳಿದವನ ಹಾಗೆ. "ಪೂರ್ತಿ ಕೆಡವು. ಹಲ್ಲು ಇಟ್ಟು ಕಟ್ಟು. ಸುಣ್ಣ ಬೇಡ, ಸಿಮೆಂಟ್ ಕಳಿಸ್ತೀನಿ." ಹೋಗುತ್ತ ತಿರುಗಿ ನಿಂತ. "ಉಳಿದ ನಾಲ್ಕು?"

"ಅವು ಹಳೇವು ಸಾಹೇಬ್ರೇ."

ಅದು ಸುಳ್ಳಲ್ಲ. ಸಾಹೇಬ ತಲೆಯಾಡಿಸಿ ಹೋದ.

ಅವನು ಅಜ್ಜ ಕಟ್ಟಿದ ಕಮಾನಿನ ಅಂಚಿಗೆ ಉಳಿ ಇಟ್ಟ. ಅಜ್ಜನ ಇಟ್ಟಿಗೆಗಳು ಬೇಗ ಬರಲಿಲ್ಲ. ಒಂದೊಂದೂ ಎರಡು ಹೋಳಾಗಿಯೇ ಬಂತು. ಪಕ್ಕದಲ್ಲಿ ಕಾವಲಿನವನು ಬಂದೂಕು ಹಿಡಿದು ಸ್ಟೂಲಿನ ಮೇಲೆ ಕೂತಿದ್ದ. ಕೆಲಸ ಮುಗಿದ ಮೇಲೆ ತೂಗುಗುಂಡು ಗೋಡೆಯನ್ನು ತಟ್ಟಿ ನೋಡಿದ. ಎರಡು ಮೆಲ್ಲಗೆ, ಒಂದು ಜೋರಾಗಿ. ಬಂಡೆಯನ್ನು ತಟ್ಟಿದ ಹಾಗಿತ್ತು. ಅವನು ಅಷ್ಟು ಗಟ್ಟಿ ಗೋಡೆಯನ್ನು ಇಡೀ ಬದುಕಿನಲ್ಲಿ ಕಟ್ಟಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಮನೆ ಎಂದರೆ ಎರಡು ಕೋಣೆ, ಹಿಂದೆ ಅಡುಗೆಮನೆ. ಊರಿನ ಗೋಡೆಯೆಲ್ಲ ರಿಪೇರಿ ಮಾಡುವವನ ಅಡುಗೆಮನೆಯ ಮೂಲೆ ಮಾತ್ರ ಮದುವೆಯಾದಾಗಿನಿಂದ ಸೋರುತ್ತಲೇ ಇತ್ತು.

"ಅಕ್ಕ ಆ ಬಾಗಿಲಿಗೇ ಬರ್ತಾಳೆ," ಎಂದ. "ಅದೊಂದೇ ತೆಗೆಯೋಕಾಗದ ಬಾಗಿಲು."

ಹೆಂಡತಿ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. "ಹೇಳಿ ಕಳಿಸೋಕಾಗಲ್ವಾ?"

ಹೇಗೆ ಹೇಳಿ ಕಳಿಸುವುದು? ನದಿ ಕೂಗಿದರೆ ಕೇಳುವಷ್ಟು ಕಿರಿದಲ್ಲ. ಅಂಬಿಗನೊಬ್ಬ ಜೀವ ಕೈಯಲ್ಲಿ ಹಿಡಿದುಕೊಂಡು ಮುಂಜಾನೆಯ ಮಂಜಿನಲ್ಲಿ ಹೊರಟಿದ್ದ. ಬಿಸಿಲೇರುವ ಹೊತ್ತಿಗೆ ದೋಣಿ ತೇಲಿಕೊಂಡು ವಾಪಸು ಬಂತು. ಅಂಬಿಗ ಬರಲಿಲ್ಲ. ಆಮೇಲೆ ಯಾರೂ ನೀರಿಗೆ ಕಾಲಿಡಲಿಲ್ಲ. ತೂಗುಗುಂಡು ಹೆಂಚು ಸರಿಮಾಡುವ ನೆಪದಲ್ಲಿ ಸಂತೆಮನೆಯ ಮಾಡು ಹತ್ತಿ ಆಚೆ ದಡ ನೋಡಿದ. ಒಂದು ಮನೆಯ ಮುಂದೆ ಯಾರೋ ಹೆಂಗಸು ಬಟ್ಟೆ ಹರವುತ್ತಿದ್ದಳು. ಅವನು ಎರಡೂ ಕೈ ಎತ್ತಿ ಬೇಡ ಬೇಡ ಎಂದು ಬೀಸಿದ. ಅವಳೂ ಕೈ ಬೀಸಿದಳು, ನೆಂಟರಿಗೆ ಬೀಸುವ ಹಾಗೆ.

ಮಳೆಗಾಲ ಬಂತು. ಊರಿನಲ್ಲಿ ಅಷ್ಟೇನೂ ಮಳೆ ಇಲ್ಲ. ಮೇಲೆ ಎಲ್ಲೋ ಸುರಿಯುತ್ತಿತ್ತು. ನದಿಯ ಬಣ್ಣ ಬದಲಾಯಿತು, ಆಮೇಲೆ ಸದ್ದು ಬದಲಾಯಿತು. ಬೇರುಸಹಿತ ಮರಗಳು ತೇಲಿ ಬಂದವು. ಒಂದು ದಿನ ಒಂದು ತೊಟ್ಟಿಲು ತೇಲಿ ಬಂತು, ಖಾಲಿ. ಸಂತೆ ನಿಂತರೂ ಊರಿನವರ ಒಂದೆರಡು ಅಂಗಡಿ ಸಂತೆಮನೆಯಲ್ಲಿ ಉಳಿದಿದ್ದವು. ಒಳಗೆ ಕೂತವರಿಗೆ ನದಿ ಕಾಣುತ್ತಿರಲಿಲ್ಲ. ನೀರು ಎಷ್ಟು ಏರಿದೆ ಎನ್ನುವುದು ಗೋಡೆಗೆ ಕೈಯಿಟ್ಟರೆ ತಿಳಿಯುತ್ತಿತ್ತು. ಗೋಡೆ ಸಣ್ಣಗೆ ನಡುಗುತ್ತಿತ್ತು.

ತೂಗುಗುಂಡು ಬೇರೆ ಕೆಲಸ ಬಿಟ್ಟ. ದಿನವೂ ಸುತ್ತಿಗೆ ಕರಣೆ ಹಿಡಿದು ಬಂದು, ಹಗ್ಗದ ಬಾಗಿಲಿದ್ದ ಜಾಗದಲ್ಲಿ ಗೋಡೆಗೆ ಕಿವಿ ಕೊಟ್ಟು ಕೂತಿರುತ್ತಿದ್ದ. ಸಾಹೇಬ ಜಿಲ್ಲಾ ಕಚೇರಿಗೆ ಹೋದವನು ದಾರಿ ಕಡಿದು ಅಲ್ಲೇ ಸಿಕ್ಕಿಕೊಂಡಿದ್ದ. ಕಾವಲಿಗೆ ಇದ್ದವನು ಒಬ್ಬನೇ, ದೂರದ ಬಯಲು ಸೀಮೆಯ ಆಳು, ಇಷ್ಟು ನೀರನ್ನು ಕಂಡೇ ಇರದವನು.

"ಏನಣ್ಣ, ಗೋಡೆ ಏನಾದ್ರೂ ಹೇಳ್ತಾ?" ಎಂದು ತಮಾಷೆ ಮಾಡಲು ನೋಡಿದ.

"ನಿಮ್ಮ ವಿಷಯಾನೇ ಹೇಳ್ತಿದೆ ಅಳಿಯಂದ್ರೇ," ಎಂದಳು ಹಗ್ಗದಜ್ಜಿ. "ಈಜು ಬರುತ್ತಾ ಇವರಿಗೆ ಅಂತ ಕೇಳ್ತಿದೆ."

ಅವನು ಮತ್ತೆ ತಮಾಷೆ ಮಾಡಲಿಲ್ಲ.

ಸದ್ದು ಬಂದದ್ದು ಮಧ್ಯಾಹ್ನ. ಹೊರಗೆ ಮೋಡ ಕವಿದು ಒಳಗೆ ದೀಪ ಹಚ್ಚಿದ್ದರು. ಎರಡು ಸಲ ಮೆಲ್ಲಗೆ. ಒಂದು ಸಲ ಜೋರಾಗಿ.

ಮಡಕೆಯವನು ಎತ್ತಿದ ಮಡಕೆಯನ್ನು ಹಾಗೇ ಹಿಡಿದುಕೊಂಡ.

"ಏನದು?" ಎಂದ ಕಾವಲಿನವನು.

"ಮರದ ದಿಮ್ಮಿ," ಎಂದಳು ಹಗ್ಗದಜ್ಜಿ. "ನೀರು ತಂದು ಬಡೀತಿದೆ."

ಎರಡು ಮೆಲ್ಲಗೆ. ಒಂದು ಜೋರಾಗಿ. ದಿಮ್ಮಿ ಹಾಗೆ ಬಡಿಯುವುದಿಲ್ಲ ಎನ್ನುವುದು ಆ ಬಯಲು ಸೀಮೆಯವನಿಗೂ ತಿಳಿಯಿತು.

ತೂಗುಗುಂಡು ಸುತ್ತಿಗೆ ಎತ್ತಿ ಅದೇ ರೀತಿ ತಟ್ಟಿದ. ಆಚೆಯಿಂದ ಕೂಡಲೇ ಕಲ್ಲಿನ ಏಟು ಬಿತ್ತು, ಮೊಣಕಾಲು ಎತ್ತರದಲ್ಲಿ, ಬಳೆಯ ಕಡೆ ಮೂಲೆಯಲ್ಲಿ. ಅವನು ಹೇಳಿದ್ದ ಜಾಗದಲ್ಲೇ. ಏಟಿನ ಮೇಲೆ ಏಟು. ಗೋಡೆ ಎಳ್ಳಷ್ಟೂ ಅಲ್ಲಾಡಲಿಲ್ಲ. ಒಂದು ಚೂರು ಸಿಮೆಂಟೂ ಉದುರಲಿಲ್ಲ.

ಅವನು ಎದ್ದ. ಗೋಡೆಯನ್ನು ತಟ್ಟುತ್ತ ಪಕ್ಕಕ್ಕೆ ಹೆಜ್ಜೆ ಇಟ್ಟ. ಎರಡು ಮೆಲ್ಲಗೆ, ಒಂದು ಜೋರಾಗಿ, ಒಂದು ಹೆಜ್ಜೆ. ಮತ್ತೆ ಎರಡು, ಒಂದು, ಒಂದು ಹೆಜ್ಜೆ. ಹುಲ್ಲಿನ ಬಾಗಿಲಿನ ಕಡೆಗೆ. ನನ್ನ ಹಿಂದೆ ಬಾ ಎಂದು ಅದಕ್ಕಿಂತ ಬೇರೆ ರೀತಿಯಲ್ಲಿ ಹೇಳಲು ಅವನಿಗೆ ದಾರಿಯಿರಲಿಲ್ಲ. ಸ್ವಲ್ಪ ದೂರ ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ಗೋಡೆಯ ಆಚೆ ಅಂಗೈಯಿಂದ ಬಡಿದ ಸದ್ದು ಬಂತು. ಒಂದು ಕೈಯಲ್ಲ, ಹಲವು ಕೈಗಳು. ಹುಲ್ಲಿನ ಬಾಗಿಲಿನ ಮೇಲೆ, ಮಡಕೆ ಬಾಗಿಲಿನ ಮೇಲೆ, ಆ ತುದಿಯ ಉಪ್ಪಿನ ಬಾಗಿಲಿನ ಮೇಲೂ. ಮೆಟ್ಟಿಲ ತುಂಬ ಜನವಿದ್ದರು. ಗೋಡೆಯೇ ಒಳಗೆ ಬರಲು ಬಡಿದುಕೊಳ್ಳುತ್ತಿರುವ ಹಾಗಿತ್ತು.

"ನಿಲ್ಲು!" ಎಂದ ಕಾವಲಿನವನು. ಬಂದೂಕು ಎತ್ತಿದ್ದ. "ತೆಗೆಯಂಗಿಲ್ಲ. ನನ್ನ ಕೆಲಸ ಹೋಗುತ್ತೆ. ನನಗೂ ಹೆಂಡ್ತಿ ಮಕ್ಕಳಿದ್ದಾರೆ."

ತೂಗುಗುಂಡು ಅವನ ಕಡೆ ತಿರುಗಿದ. "ಅವರನ್ನ ಗೋಡೆ ಆಚೆ ನಿಲ್ಲಿಸಿ ನೋಡು," ಎಂದ.

ಹಗ್ಗದಜ್ಜಿ ಎದ್ದು ಬಂದು ಬಂದೂಕಿಗೂ ತೂಗುಗುಂಡನ ಬೆನ್ನಿಗೂ ನಡುವೆ ಮಣೆ ಹಾಕಿಕೊಂಡು ಕೂತಳು. ಮಡಕೆಯವನು ಬಂದು ಅವಳ ಪಕ್ಕ ನಿಂತ. ಕಾವಲಿನವನು ಗುಂಡು ಹಾರಿಸಲಿಲ್ಲ, ಬಂದೂಕು ಇಳಿಸಲೂ ಇಲ್ಲ.

ಹುಲ್ಲಿನ ಬಾಗಿಲಿನ ಬುಡದ ಅಂಚಿಗೆ ತೂಗುಗುಂಡು ಸುತ್ತಿಗೆಯ ಏಟು ಹಾಕಿದ. ಸುಣ್ಣ ಚಕ್ಕೆ ಎದ್ದಿತು. ವರ್ಷಗಳ ಹಿಂದೆ ಅವನೇ ತುಂಬಿದ್ದ ಮರಳು ಇನ್ನೂ ಒಣಗಿಯೇ ಇತ್ತು. ಬುಸ್ಸೆಂದು ಸುರಿಯಿತು. ಇನ್ನೊಂದು ಏಟಿಗೆ ಇಡೀ ಗೋಡೆ ಒಮ್ಮೆ ಉಸಿರು ಬಿಟ್ಟ ಹಾಗೆ ಮುಂದಕ್ಕೆ ವಾಲಿ, ಒಳಗೆ ಬಿತ್ತು. ಕಮಾನಿನ ಒಂದು ಇಟ್ಟಿಗೆಗೂ ಗಾಯವಾಗಲಿಲ್ಲ.

ಬೂದು ಬೆಳಕು ಒಳಗೆ ಬಂತು. ನೀರು ಮೇಲಿನ ಮೆಟ್ಟಿಲನ್ನು ನೆಕ್ಕುತ್ತಿತ್ತು. ಜನ ಇಟ್ಟಿಗೆ ರಾಶಿಯ ಮೇಲೆ ಎಡವುತ್ತ ಬಂದರು. ಮುದುಕರು, ಆಡುಗಳು, ತಲೆಯ ಮೇಲೆ ಗಂಟು ಹೊತ್ತವರು. ಅಕ್ಕನ ಮಗಳು ಹಸಿ ಬಾಣಂತಿ, ಕೂಸನ್ನು ಎದೆಗೆ ಕಟ್ಟಿಕೊಂಡು ಬಂದಳು.

"ಅಮ್ಮ ಎಲ್ಲಿ?" ಎಂದ ತೂಗುಗುಂಡು.

"ಅಲ್ಲೇ ಇದ್ದಾಳೆ ಮಾವ. ಹಗ್ಗದ ಬಾಗಿಲಲ್ಲೇ. ಎಷ್ಟು ಕರೆದ್ರೂ ಬರಲ್ಲ. ನನ್ನ ತಮ್ಮ ಹೇಳಿದ್ದು ಇದೇ ಬಾಗಿಲು, ಅವನು ಇದನ್ನೇ ತೆಗೀತಾನೆ, ಇನ್ನೂ ಜನ ಬರೋರಿದ್ದಾರೆ, ನಾನು ಹೊಡೀತಾ ಇರ್ತೀನಿ, ನೀವು ಬೇಕಾದ್ರೆ ಹೋಗಿ ಅಂತಾಳೆ."

ಅವನಿಗೆ ಆಗ ಕೇಳಿಸಿತು. ಇಷ್ಟು ಗದ್ದಲದ ನಡುವೆಯೂ ಆ ಮೂಲೆಯಲ್ಲಿ ಕಲ್ಲಿನ ಏಟು ನಡೆದೇ ಇತ್ತು.

ಹಗ್ಗದಜ್ಜಿ ಅಂಗಡಿಯಿಂದ ದಪ್ಪನೆಯ ಹಗ್ಗದ ಸುರುಳಿ ತಂದು ಅವನ ಸೊಂಟಕ್ಕೆ ಬಿಗಿದಳು. "ಇದು ದುಡ್ಡಿಗಲ್ಲ. ವಾಪಸು ತಂದು ಕೊಡು," ಎಂದಳು. ಮಡಕೆಯವನು ಒಂದು ತುದಿ ಹಿಡಿದ. ಕಾವಲಿನವನು ಅತ್ತ ಇತ್ತ ನೋಡಿ, ಬಂದೂಕನ್ನು ಗೋಡೆಗೆ ಒರಗಿಸಿ, ಅವನೂ ಹಿಡಿದ.

ತೂಗುಗುಂಡು ಗೋಡೆಯ ಹೊರಮೈ ತಡವಿಕೊಂಡು ನೀರಿಗೆ ಇಳಿದ. ಹಗ್ಗದ ಬಾಗಿಲಿನ ಮುಂದೆ ಮೆಟ್ಟಿಲು ಕುಸಿದು ಹೋಗಿತ್ತು. ಅಕ್ಕ ಎದೆಯುದ್ದ ನೀರಿನಲ್ಲಿ, ಒಂದು ಕೈಯಲ್ಲಿ ಕಬ್ಬಿಣದ ಬಳೆ ಹಿಡಿದು, ಇನ್ನೊಂದು ಕೈಯಲ್ಲಿ ಕಲ್ಲು ಹಿಡಿದು, ಹೊಡೆಯುತ್ತಿದ್ದಳು. ಹೊಡೆಯಬೇಕಾದ ಜಾಗ ಈಗ ಅವಳ ತಲೆಯ ಮಟ್ಟದಲ್ಲಿತ್ತು. ಅವಳು ಕೈ ಮೇಲೆತ್ತಿ ಹೊಡೆಯುತ್ತಿದ್ದಳು. ಬೆರಳುಗಳಲ್ಲಿ ರಕ್ತ.

"ಅಕ್ಕ."

ತಿರುಗಿ ನೋಡಿದಳು. ಹಲ್ಲು ಕಟಕಟಿಸುತ್ತಿತ್ತು. "ಹಲ್ಲು ಇಡಲ್ಲ ಅಂದಿದ್ದೆ."

"ಇಡಿಸಿದ್ರು."

"ತಟ್ಟಿದಾಗ್ಲೇ ಗೊತ್ತಾಯ್ತು ನನಗೆ. ಗಟ್ಟಿ ಇದೆ ಅಂತ."

"ಮತ್ತೆ ಯಾಕೆ ನಿಂತೆ?"

"ನೀನು ಹೇಳಿದ್ದೆಯಲ್ಲ," ಎಂದಳು ಅಕ್ಕ.

ಅವನು ಅವಳನ್ನು ಬೆನ್ನಿಗೆ ಹಾಕಿಕೊಂಡ. ಒಳಗಿನವರು ಹಗ್ಗ ಎಳೆದರು.

ಆ ಸಲದ ನೀರು ಸಂತೆಮನೆಯ ಹೊಸ್ತಿಲವರೆಗೆ ಬಂದು ನಿಂತಿತು. ಹಳೆಯ ಕಾಲದ ಹಾಗೆ ಎರಡೂ ದಡದವರು ಒಂದೇ ಸೂರಿನ ಕೆಳಗೆ ಮಲಗಿದರು. ಹಾಳಾದ ಮಡಕೆಗಳಲ್ಲಿ ಬೆಂಕಿ ಹಾಕಿ ಮೈ ಕಾಯಿಸಿಕೊಂಡರು. ಮುದುಕರು ಹಿಂದಿನ ನೆರೆಗಳನ್ನು ಒಂದರ ಮೇಲೊಂದು ಹೇಳಿಕೊಂಡರು. ಆದರೆ ಮಾತಾಡುವಾಗ ಎಲ್ಲರೂ ಊರಿನ ಕಡೆಯ ದೊಡ್ಡ ಬಾಗಿಲನ್ನೇ ನೋಡುತ್ತಿದ್ದರು. ನೀರು ಇಳಿದರೆ ಅಲ್ಲಿಂದ ಯಾರು ಬರುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು.

ನೀರು ಇಳಿಯಿತು. ಸಾಹೇಬ ಬಂದ. ಆಚೆಯವರನ್ನು ದೋಣಿಗಳಲ್ಲಿ ಕೂರಿಸಿ ವಾಪಸು ಕಳಿಸಿದರು. ಅಕ್ಕನ ಮಗಳೂ ಹೋದಳು, ಅವಳ ಗಂಡ ಆಚೆಯೇ ಇದ್ದ. ಅಕ್ಕನ ಸರದಿ ಬಂದಾಗ ಹಗ್ಗದಜ್ಜಿ ಅವಳ ಕೈ ಹಿಡಿದು, "ಇವಳು ನಮ್ಮೂರವಳೇ. ಗಾರೆಯವರ ಮಗಳು. ಇದೇ ಸುಣ್ಣದಲ್ಲಿ ಬೆಳೆದೋಳು," ಎಂದಳು. ಸಾಹೇಬನಿಗೆ ಆಗ ಮುದುಕಿಯರ ಕಡೆ ಗಮನವಿರಲಿಲ್ಲ. ಅವನು ಹುಲ್ಲಿನ ಬಾಗಿಲಿನ ಕಮಾನನ್ನು ಬೆರಳಿನಿಂದ ಸವರುತ್ತಿದ್ದ. ಆಮೇಲೆ ಚೂರಿ ತೆಗೆದು ಮಡಕೆ ಬಾಗಿಲಿಗೆ ಹೋದ, ತೊಗಲಿನ ಬಾಗಿಲಿಗೆ ಹೋದ, ಉಪ್ಪಿನ ಬಾಗಿಲಿಗೆ ಹೋದ. ಮೂರು ಕಡೆಯೂ ಮರಳು ಸುರಿಯಿತು.

"ಹಳೇವು ಅಂದಿದ್ದೆ," ಎಂದ.

"ಹಳೇವೇ," ಎಂದ ತೂಗುಗುಂಡು.

"ಎಲ್ಲ ನೀನೇ ಕಟ್ಟಿದ್ದಾ?"

ಎರಡನ್ನು ಕಟ್ಟಿದ್ದು ಅಪ್ಪ. ಅಪ್ಪ ಈಗ ಮಣ್ಣಿನಲ್ಲಿದ್ದ. "ನಾನೇ," ಎಂದ ತೂಗುಗುಂಡು.

ಹೊರಗೆ ಜೀಪು ನಿಂತಿತ್ತು. ಹೆಂಡತಿ ಒಲೆಯ ಮುಂದಿನಿಂದ ಓಡಿ ಬಂದಿದ್ದಳು, ಕೈಗೆ ಬೂದಿ ಮೆತ್ತಿತ್ತು. ಅವನು ಜೇಬಿನಿಂದ ಹಿತ್ತಾಳೆಯ ಗುಂಡು ತೆಗೆದು ಅಕ್ಕನ ಕೈಯಲ್ಲಿಟ್ಟ. ಹೆಂಡತಿಯ ಕಡೆ ನೋಡಿದ. ಏನೋ ದೊಡ್ಡದನ್ನು ಹೇಳುತ್ತಾನೆ ಎಂದು ಎಲ್ಲರೂ ಕಾದರು.

"ಅಡುಗೆಮನೆ ಮೂಲೆ ಸೋರುತ್ತೆ," ಎಂದ. "ಅಕ್ಕನಿಗೆ ಗೊತ್ತು ಹೇಗೆ ಮಾಡೋದು ಅಂತ."

ಜೀಪು ಹೋಯಿತು. ಅವನನ್ನು ಎಲ್ಲಿಗೆ ಕರೆದುಕೊಂಡು ಹೋದರು ಎಂದು ಠಾಣೆಯಲ್ಲಿ ಕೇಳಿದರೆ ಇಲ್ಲಿಲ್ಲ ಎನ್ನುತ್ತಾರೆ. ಜಿಲ್ಲಾ ಕಚೇರಿಯಲ್ಲಿ ಕೇಳಿದರೆ ಅಲ್ಲಿಲ್ಲ ಎನ್ನುತ್ತಾರೆ. ಹಗ್ಗ ಹಿಡಿದ ಕಾವಲಿನವನೂ ಆಮೇಲೆ ಕಾಣಲಿಲ್ಲ.

ಬೇರೆ ಊರಿನ ಗಾರೆಯವರು ಲಾರಿಯಲ್ಲಿ ಸಿಮೆಂಟ್ ಮೂಟೆ ಹಾಕಿಕೊಂಡು ಬಂದರು. ನಾಲ್ಕೂ ಕಮಾನುಗಳನ್ನು ಕಡಿದು ಕಟ್ಟಿದರು. ಈಗ ಐದಕ್ಕೂ ಹಲ್ಲಿದೆ.

ಅತ್ತಿಗೆ ನಾದಿನಿ ಇಬ್ಬರೂ ಆ ಎರಡು ಕೋಣೆಯ ಮನೆಯಲ್ಲಿ ಇದ್ದಾರೆ. ಅಡುಗೆಮನೆಯ ಮೂಲೆ ಈಗ ಸೋರುವುದಿಲ್ಲ. ಗೂಟದಲ್ಲಿ ಅವನ ಅಂಗಿಗಳು ತೂಗುತ್ತಿವೆ, ಎಲ್ಲದರ ಎಡಜೇಬಿಗೂ ಅಕ್ಕ ಜೋಡಿ ದಾರ ಹಾಕಿದ್ದಾಳೆ. ಸಂಜೆಗೆ ಮುಂಚೆ ಅವಳು ಸಂತೆಮನೆಗೆ ಹೋಗುತ್ತಾಳೆ. ಕೈಯಲ್ಲಿ ಒಂದು ಕಲ್ಲು. ಉಪ್ಪಿನ ಬಾಗಿಲಿನಿಂದ ಹಗ್ಗದ ಬಾಗಿಲಿನವರೆಗೆ ಗೋಡೆ ತಟ್ಟುತ್ತ ನಡೆಯುತ್ತಾಳೆ. ಎರಡು ಮೆಲ್ಲಗೆ, ಒಂದು ಜೋರಾಗಿ. ಮೊದಮೊದಲು ಹೊಸ ಕಾವಲಿನವರು ನಗುತ್ತಿದ್ದರು.

"ಏನಾದ್ರೂ ಸಡಿಲ ಇದೆಯೇನೇ?" ಎಂದು ಹಗ್ಗದಜ್ಜಿ ಕೇಳುತ್ತಾಳೆ. ಅವಳ ಅಂಗಡಿಯಲ್ಲಿ ಹಗ್ಗದ ಸುರುಳಿಗಳು ಹಾಗೇ ಇವೆ. ಒಂದು ಮಾತ್ರ ನೀರು ಕುಡಿದು ಕಪ್ಪಾಗಿದೆ, ಅದನ್ನು ಮಾರುವುದಿಲ್ಲ.

"ಇಲ್ಲ ಅಜ್ಜಿ. ಎಲ್ಲ ಗಟ್ಟಿ ಇದೆ."

ಮೇಲುನಾಡಿನ ಕಡೆ ಮತ್ತೆ ಮೋಡ ಕಟ್ಟುತ್ತಿದೆ. ನದಿಯ ಬಣ್ಣ ಬದಲಾಗಿದೆ ಎಂದು ಹೆಂಚು ಸರಿಮಾಡಲು ಮಾಡು ಹತ್ತಿದವರು ಹೇಳಿದರು. ಆಚೆ ದಡದಲ್ಲಿ ಜನ ಗಂಟು ಕಟ್ಟಿಟ್ಟುಕೊಂಡು, ದೋಣಿಗಳನ್ನು ಮನೆಯ ಬಾಗಿಲಿಗೆ ಎಳೆದುಕೊಂಡು, ಈ ಕಡೆಯ ಕಮಾನುಗಳನ್ನೇ ನೋಡುತ್ತಿದ್ದಾರಂತೆ. ಈಗ ಎಲ್ಲದಕ್ಕೂ ಹಲ್ಲಿದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಹೇಳಿ ಕಳಿಸಲು ದಾರಿಯಿಲ್ಲ. ಹುಲ್ಲಿನ ಬಾಗಿಲು ತೆರೆದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ.

ಅಕ್ಕ ಹಗ್ಗದಜ್ಜಿಯ ಅಂಗಡಿಯಲ್ಲಿ ಒಂದು ಸುತ್ತಿಗೆ, ಒಂದು ಉಳಿ ತಂದು ಇಟ್ಟಿದ್ದಾಳೆ, ಸುರುಳಿಗಳ ಹಿಂದೆ. ಸಿಮೆಂಟು ಒಡೆಯಲು ಎಷ್ಟು ಹೊತ್ತು ಬೇಕು ಎನ್ನುವುದನ್ನು ಅವಳು ಮನೆಯ ಹಿಂದೆ ಬಿದ್ದಿದ್ದ ಒಂದು ಸಿಮೆಂಟಿನ ಹೆಂಟೆಯ ಮೇಲೆ ಹೊಡೆದು ನೋಡಿಕೊಂಡಿದ್ದಾಳೆ. ತುಂಬ ಹೊತ್ತು ಬೇಕು.